ಗಂಗಕ್ಕನ ಐದು ಉಪಾಸ

ತಿಪಟೂರಿನವರಿಗೆ ಪರದೇಶಕ್ಕೆ ಹೋಗಲು ಹಡಗು ಬೇಕಾಗಿಲ್ಲ. ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಿ, ಹುಬ್ಬಳ್ಳಿ ಬೆಳಗಾವಿ ದಾಟಿ, ಸ್ಟೇಷನ್ನಿನ ಹಲಗೆಯ ಮೇಲೆ ಕನ್ನಡ ಅಕ್ಷರ ಮಾಯವಾಯಿತೆಂದರೆ ಸಾಕು, ಅದೇ ನಮ್ಮ ಪರದೇಶ. ಮೊನ್ನೆ ಮೊನ್ನೆ ರಾಜ್ಯಗಳನ್ನು ಹಂಚಿದಾಗ ಬೆಳಗಾವಿ ನಮ್ಮ ಕಡೆಗೆ ಬಂತು. ಅಲ್ಲಿಂದ ಅರ್ಧ ದಿನದ ದಾರಿಯ ಗಡಹಿಂಗ್ಲಜ ಆಚೆಗೇ ಉಳಿಯಿತು. ನಮ್ಮ ಗಂಗಕ್ಕನೂ ಆಚೆಗೇ ಉಳಿದಳು.

ಹೋಗಿ ಬಂದವನನ್ನು ನಮ್ಮೂರಿನ ಜನ ಎರಡೇ ಮಾತು ಕೇಳುತ್ತಾರೆ. ಏನು ನೋಡಿದಿರಿ, ಏನು ತಿಂದಿರಿ. ನಾನು ನೋಡಿದ್ದು ಕಡಿಮೆ. ಕೊಲ್ಹಾಪುರದ ಅಂಬಾಬಾಯಿಯ ಗುಡಿಗೆ ಹೋಗಲಿಲ್ಲ, ಅರಮನೆಯನ್ನು ಬಸ್ಸಿನ ಕಿಟಕಿಯಿಂದ ಕಂಡೆ. ತಿಂದದ್ದು ಮಾತ್ರ ಬಹಳ. ಅದನ್ನೇ ಬರೆಯುತ್ತೇನೆ, ಈ ಪ್ರಯಾಣದಲ್ಲಿ ಬರೆಯಬೇಕಾದದ್ದು ಅದೊಂದೇ.

ಗಂಗಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಆರು ವರ್ಷ ದೊಡ್ಡವಳು. ಗಡಹಿಂಗ್ಲಜದ ಮೆಣಸಿನಕಾಯಿ ಬೆಲ್ಲದ ವ್ಯಾಪಾರಿಯೊಬ್ಬರು ಕೊಬ್ಬರಿ ಕೊಳ್ಳಲು ತಿಪಟೂರಿನ ಸಂತೆಗೆ ಬರುತ್ತಿದ್ದರು. ನಮ್ಮಂತೆಯೇ ಲಿಂಗವಂತರು, ಕನ್ನಡದವರು. ಒಂದು ಸಲ ಕೊಬ್ಬರಿಯ ಜೊತೆಗೆ ತಮ್ಮ ಮಗನಿಗೆ ಹೆಣ್ಣನ್ನೂ ಗೊತ್ತುಮಾಡಿಕೊಂಡು ಹೋದರು. ಅಕ್ಕನಿಗೆ ಆಗ ಹದಿಮೂರು. ಬೆನ್ನಿಗೆ ಅಂಟಿದ ಹೊಟ್ಟೆ, ಕಡ್ಡಿಯಂಥ ಕೈಕಾಲು.

ಎರಡು ವರ್ಷದ ಹಿಂದೆ ನನ್ನ ದೊಡ್ಡ ಮಗಳ ಮದುವೆಗೆ ಬಂದಾಗ ಆ ಅಕ್ಕ ನೆಲದ ಮೇಲೆ ಕೂರಲಾರದವಳಾಗಿದ್ದಳು. ಜಗಲಿಯ ಮೂರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಳು. ಮದುವೆ ಮುಗಿದ ಮೇಲೆ ನಮ್ಮೂರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗಾಜಿನ ನಳಿಗೆಯಲ್ಲಿ ನೀಲಿ ಔಷಧಕ್ಕೆ ಅವಳ ಮೂತ್ರ ಬೆರೆಸಿ ಕಾಯಿಸಿದರು. ನೀಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ, ಮೈ ಇಳಿಯಬೇಕು, ತಿನ್ನುವುದು ಅರ್ಧಕ್ಕರ್ಧ ಕಡಿಮೆಯಾಗಬೇಕು, ಇಲ್ಲದಿದ್ದರೆ ಕಣ್ಣಿಗೋ ಕಾಲಿಗೋ ಬರುತ್ತದೆ ಎಂದರು. ಅಕ್ಕ ನಗುತ್ತ ಊರಿಗೆ ಹೋದಳು. ತಿಂಗಳಾದ ಮೇಲೆ ಬರೆದಳು: ಇಲ್ಲಿ ಬಡಿಸುವವರ ಕೈ ಹಿಡಿಯಲು ಆಗುವುದಿಲ್ಲ, ಬೇಡ ಎಂದರೆ ಅತ್ತೆಯೂ ಮುನಿಯುತ್ತಾರೆ, ನೀನು ಓದಿದವನು, ಏನು ಮಾಡಲಿ ಹೇಳು.

ನಾನು ಮಿಡ್ಲ್ ಸ್ಕೂಲಿನ ಕನ್ನಡ ಮೇಷ್ಟ್ರು. ಒಂದು ಉಪಾಯ ಹೊಳೆಯಿತು. ಡಾಕ್ಟರ ಮಾತು ಕೇಳದ ಹೆಂಗಸು ದೇವರ ಮಾತು ಕೇಳುತ್ತಾಳೆ, ದೇವರ ಹೆಸರು ಹೇಳಿದರೆ ಅತ್ತೆಯೂ ಬಾಯಿ ಮುಚ್ಚುತ್ತಾಳೆ. ಎರಡು ಪುಟದ ಕಾಗದ ಬರೆದೆ. ವಾರಕ್ಕೆ ಮೂರು ದಿನ ಉಪವಾಸ ಮಾಡು, ಯಾರು ಏನೇ ಅಂದರೂ ತಪ್ಪಿಸಬೇಡ ಎಂದು ಬರೆದು ಕೊನೆಯ ಪದದ ಕೆಳಗೆ ಎರಡು ಗೆರೆ ಎಳೆದೆ. ಬರೆದು ಮುಗಿಸಿದಾಗ ನನ್ನ ಜಾಣತನಕ್ಕೆ ನಾನೇ ತಲೆದೂಗಿದ್ದೆ.

ಈ ಮಾಘದಲ್ಲಿ ಭಾವನ ಕಾಗದ ಬಂತು. ಹೊಸ ಚಪ್ಪಲಿ ಕಚ್ಚಿ ಆದ ಗಾಯ ಮಾಯಲೇ ಇಲ್ಲ, ಹೆಬ್ಬೆರಳು ಕಪ್ಪಾಗಿದೆ, ಕೊಲ್ಹಾಪುರದ ಡಾಕ್ಟರು ಕಾಲು ತೆಗೆಯಬೇಕು ಅನ್ನುತ್ತಾರೆ, ಇವಳು ಒಪ್ಪುವುದಿಲ್ಲ. ನಿಮ್ಮ ಮಾತನ್ನು ಅವಳು ಇದುವರೆಗೆ ಮೀರಿಲ್ಲ, ಬಂದು ಹೇಳಿ ಒಪ್ಪಿಸಬೇಕು. ಮೊದಲು ಇಚಲಕರಂಜಿಯ ಮಗಳ ಮನೆಗೆ ಬನ್ನಿ, ಅಲ್ಲಿಂದ ಅವಳು ಕರೆತರುತ್ತಾಳೆ.

ಮಿರಜದಿಂದ ಆಚೆ

ಮಿರಜದಲ್ಲಿ ಕೊಲ್ಹಾಪುರದ ಗಾಡಿ ಹಿಡಿದೆ. ಕೃಷ್ಣೆ ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ಕಬ್ಬು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಲೆಮನೆಗಳ ಹೊಗೆ, ಬೆಲ್ಲ ಕುದಿಯುವ ವಾಸನೆ. ನಮ್ಮ ಸೀಮೆಯಲ್ಲಿ ಬೆಲ್ಲದ ವಾಸನೆ ಬಂದರೆ ಯಾರ ಮನೆಯಲ್ಲೋ ಹಬ್ಬ ಎಂದು ಅರ್ಥ. ಇಲ್ಲಿ ಗಾಳಿಗೇ ಆ ವಾಸನೆ.

ನನ್ನ ಎದುರಿಗೆ ಜಯಸಿಂಗಪುರಕ್ಕೆ ಹೋಗುವ ಗಂಡ ಹೆಂಡತಿ ಕೂತಿದ್ದರು. ಗಾಡಿ ಇನ್ನೂ ಮಿರಜದ ಕಂಬ ದಾಟಿರಲಿಲ್ಲ, ಆಕೆ ಗಂಟು ಬಿಚ್ಚಿದಳು. ಜೋಳದ ಭಕ್ಕರಿ, ಎಣ್ಣೆ ತೇಲುವ ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನನ್ನ ಮುಂದೆಯೂ ಒಂದು ಎಲೆ ಬಂತು. ಹಸಿವಿಲ್ಲ ಎಂದೆ. ಆಕೆ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಗಂಡ ನನ್ನ ಕೊರಳೆಲುಬು ನೋಡಿ, ತಬ್ಯೇತ ಹೆಂಗೈತ್ರಿ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಸುತ್ತ ಕೂತವರೆಲ್ಲ ನಕ್ಕರು. ಯಾಕೆಂದು ತಿಳಿಯದೆ ನಾನೂ ನಕ್ಕೆ.

ಆಮೇಲೆ ತಿಳಿಯಿತು. ತಬ್ಯೇತ ಎಂದರೆ ಆರೋಗ್ಯ. ಅದೇ ತಬ್ಯೇತ ಎಂದರೆ ಮೈ ತುಂಬಿಕೊಂಡಿರುವುದು. ಎರಡಕ್ಕೂ ಒಂದೇ ಪದ. ದಪ್ಪಗಾದವನಿಗೆ ತಬ್ಯೇತ ಸುಧಾರಿಸಿತು ಅನ್ನುತ್ತಾರೆ. ಕೊಲ್ಹಾಪುರ ಕುಸ್ತಿಯ ಊರು, ಅಲ್ಲಿ ಅದು ಸಹಜವೇ. ನಮ್ಮೂರಲ್ಲಿ ರಾಗಿಮುದ್ದೆ ನುಂಗಿ ಒಣಗಿದ ಮೈಯನ್ನೇ ಗಟ್ಟಿ ಮೈ ಅನ್ನುತ್ತೇವೆ. ಅದರಲ್ಲಿ ಅರ್ಧ ಬಡತನ ಎಂಬುದನ್ನು ಹೇಳಿಕೊಳ್ಳುವುದಿಲ್ಲ. ಮದುವೆಗೆ ಬಂದಾಗ ಅಕ್ಕ ನಕ್ಕದ್ದು ಯಾಕೆಂದು ಆ ಗಾಡಿಯಲ್ಲಿ ಗೊತ್ತಾಯಿತು. ಮೈ ಇಳಿಸಬೇಕು ಎಂದು ಡಾಕ್ಟರು ಹೇಳಿದ್ದು ಅವಳ ಕಿವಿಗೆ ಆರೋಗ್ಯ ಕೆಡಿಸಿಕೋ ಎಂದು ಕೇಳಿಸಿರಬೇಕು. ಪರವಾಗಿಲ್ಲ, ನಾನು ಉಪವಾಸದ ದಾರಿ ಹಿಡಿಸಿದ್ದೇ ಸರಿಯಾಯಿತು ಎಂದುಕೊಂಡೆ.

ಇಚಲಕರಂಜಿ

ಹಾತಕಣಂಗಲೆಯಲ್ಲಿ ಇಳಿದು ಬಸ್ಸು ಹಿಡಿದು ಇಚಲಕರಂಜಿಗೆ ಬಂದೆ. ಊರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಪ್ರತಿ ಮನೆಯ ಹಿಂದೆ ಮಗ್ಗ, ಅದೂ ವಿದ್ಯುತ್ತಿನ ಮಗ್ಗ, ಖಟಖಟ ಖಟಖಟ. ಅಕ್ಕನ ಮಗಳು ಶಾಂತಾಳ ಮನೆಯಲ್ಲೂ ನಾಲ್ಕು ಮಗ್ಗ. ಇಪ್ಪತ್ತೈದರ ಹುಡುಗಿ, ಆಗಲೇ ತಾಯಿಯ ಮೈ. ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ಅವ್ವ ನಿನ್ನೆ ಕೊಲ್ಹಾಪುರ ದವಾಖಾನೆಗೆ ಬಂದಿದ್ದಾಳೆ, ನಾಳೆ ಮುಂಜಾನೆ ಹೋಗೋಣ ಎಂದಳು.

ಸ್ನಾನ ಮುಗಿಸಿ ಬಂದಾಗ ತಟ್ಟೆ ಸಿದ್ಧವಾಗಿತ್ತು. ಸಬ್ಬಕ್ಕಿ. ನಮ್ಮಲ್ಲಿ ಅದನ್ನು ಹಪ್ಪಳಕ್ಕೋ ಪಾಯಸಕ್ಕೋ ಹಾಕುತ್ತಾರೆ. ಇಲ್ಲಿ ಅದನ್ನು ತುಪ್ಪದಲ್ಲಿ ಹುರಿದು, ಕಡಲೆಕಾಯಿ ಪುಡಿ ಬೆರೆಸಿ, ಮೇಲೆ ಕೊಬ್ಬರಿ ಉದುರಿಸಿ ಗುಡ್ಡೆ ಹಾಕಿದ್ದರು. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಬೆಲ್ಲದ ಪಾಕದಲ್ಲಿ ಅದ್ದಿದ ಗೆಣಸು, ಎರಡು ಬಾಳೆಹಣ್ಣು, ಒಂದು ಲೋಟ ಕೆನೆಹಾಲು. ಬೆಳಗಿನ ತಿಂಡಿ ಇಷ್ಟು ಜೋರಾದರೆ ಊಟದ ಗತಿಯೇನು ಎಂದುಕೊಳ್ಳುತ್ತ ತಿಂದೆ. ಬೇಡ ಎಂದಾಗಲೆಲ್ಲ ಇನ್ನೊಂದು ಸೌಟು ಬಿತ್ತು. ರುಚಿಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ, ನಾಲಗೆ ಕುಣಿಯಿತು.

ಊಟಕ್ಕೆ ಏನೂ ಮಾಡಬೇಡಮ್ಮ, ಇದೇ ಸಂಜೆಯ ತನಕ ಸಾಕು ಎಂದು ಏಳುತ್ತಿದ್ದೆ.

"ಊಟ ಇಲ್ರೀ ಮಾಮಾ," ಎಂದಳು ಶಾಂತಾ. "ಇವತ್ತ ಸೋಮಾರ ಅಲ್ರೀ. ಮನ್ಯಾಗ ಎಲ್ಲಾರದೂ ಉಪಾಸ. ನೀವೂ ಮಾಡತೀರಿ ಅಂತ ಅವ್ವ ಹೇಳಿದ್ಳು."

ನನಗೆ ನಗು ಬಂತು. ನಮ್ಮೂರಲ್ಲೂ ಉಪ್ಪಿಟ್ಟು ತಿಂದು ಏಕಾದಶಿ ಮಾಡುವ ಜಾಣರಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಉಪವಾಸವೆಂದರೆ ದೀಪ ಹಚ್ಚುವ ತನಕ ನೀರು, ಆಮೇಲೆ ಒಂದು ಲೋಟ ಮಜ್ಜಿಗೆ. ಇದು ಯಾವ ಸೀಮೆಯ ಉಪವಾಸವಮ್ಮ, ನಮ್ಮಲ್ಲಿ ಬೀಗರಿಗೂ ಇಷ್ಟು ಬಡಿಸುವುದಿಲ್ಲ ಎಂದೆ. ಅವಳಿಗೆ ನನ್ನ ತಮಾಷೆ ಅರ್ಥವಾಗಲಿಲ್ಲ. ಅನ್ನ ಇಲ್ಲ, ಭಕ್ಕರಿ ಇಲ್ಲ, ಬೇಳೆ ಇಲ್ಲ, ಎಲ್ಲವೂ ಉಪಾಸದ ಪದಾರ್ಥವೇ ಎಂದು ಬೆರಳು ಮಡಿಸುತ್ತ ಒಪ್ಪಿಸಿದಳು. ತಪ್ಪಿ ಒಂದು ಅಗುಳು ಅನ್ನ ಬಾಯಿಗೆ ಬಿದ್ದರೆ ಉಪಾಸ ಮುರಿಯಿತು. ಸಬ್ಬಕ್ಕಿಯನ್ನು ಎಷ್ಟು ತಿಂದರೂ ಮುರಿಯುವುದಿಲ್ಲ.

ಏಳುತ್ತಿದ್ದವನು ಮತ್ತೆ ಕೂತೆ. ನಿಮ್ಮಮ್ಮನೂ ಹೀಗೇ ಮಾಡುತ್ತಾಳಾ ಎಂದು ಕೇಳಿದೆ.

"ಅವ್ವಂದು ಭಾಳ ಕಡಕ ಐತ್ರಿ. ನೀವು ಮೂರು ದಿನ ಅಂತ ಬರದಿದ್ರಿ, ಆಕಿ ಐದು ದಿನ ಹಿಡದಾಳ. ನಿಮ್ಮ ಕಾಗದ ಬಂದಾಗಿಂದ ಒಂದ ಉಪಾಸ ತಪ್ಪಿಸಿಲ್ಲ."

ಸೋಮವಾರ ಶಿವನಿಗೆ, ಮಂಗಳವಾರ ಮತ್ತು ಶುಕ್ರವಾರ ಅಂಬಾಬಾಯಿಗೆ, ಗುರುವಾರ ದತ್ತನಿಗೆ, ಶನಿವಾರ ಮಾರುತಿಗೆ. ವಾರಕ್ಕೆ ಐದು ದಿನ ತುಪ್ಪ, ಸಬ್ಬಕ್ಕಿ, ಬೆಲ್ಲ, ಗೆಣಸು, ಬಾಳೆಹಣ್ಣು. ಉಳಿದ ಎರಡು ದಿನ, ಪಾಪ ಉಪಾಸ ಮಾಡಿ ಸೊರಗಿದ್ದಾಳೆ ಎಂದು ಮನೆಯವರೆಲ್ಲ ಒತ್ತಾಯ ಮಾಡಿ ಬಡಿಸುವ ಹೋಳಿಗೆ, ಶ್ರೀಖಂಡ. ಎರಡು ವರ್ಷ.

ಸಂಜೆ ಪಕ್ಕದ ಮನೆಯ ಜೈನರ ಮುದುಕಿ ಮಾತಾಡಿಸಲು ಬಂದರು. ಶಾಂತಾ ಚಹಾ ಕೊಡಲು ಹೋದಾಗ ಕೈ ಅಡ್ಡ ಹಿಡಿದು ಉಪಾಸ ಎಂದರು. ಅವರು ಬೆಳಗಿನಿಂದ ಕಾಯಿಸಿ ಆರಿಸಿದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಅದನ್ನೂ ಮುಟ್ಟುವುದಿಲ್ಲ. ಆಕೆ ಹೋದ ಮೇಲೆ ಶಾಂತಾ ಗೌರವದಿಂದ ಹೇಳಿದಳು, ಅವರದು ಜೈನರ ಉಪಾಸ, ಅದು ಬೇರೆ. ಒಂದೇ ಗೋಡೆಯ ಆಚೆ ಈಚೆ ಒಂದೇ ಪದಕ್ಕೆ ಎರಡು ಅರ್ಥ, ಇಬ್ಬರಿಗೂ ತಮ್ಮ ತಮ್ಮ ಅರ್ಥದ ಬಗ್ಗೆ ಯಾವ ಅನುಮಾನವೂ ಇಲ್ಲ. ಅನುಮಾನ ಬರಬೇಕಾದದ್ದು ಪದಗಳನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುವ ನನಗೆ.

ಕೊಲ್ಹಾಪುರ

ದವಾಖಾನೆಯ ಬಾಗಿಲಲ್ಲಿ ಭಾವ ನಿಂತಿದ್ದರು. ಶಿವಲಿಂಗಪ್ಪನವರು ಒಳ್ಳೆಯವರು, ಅಕ್ಕನಿಗೆ ಒಂದು ದಿನ ಜೋರು ಮಾತಾಡಿದವರಲ್ಲ. ನನ್ನನ್ನು ಕಂಡೊಡನೆ ಕಣ್ಣು ಒರೆಸಿಕೊಂಡು, ನಾಷ್ಟಾ ಆಯಿತೇನು ಎಂದು ಕೇಳಿದರು. ಆ ಕಡೆಯ ಜನ ಸಾವಿನ ಮನೆಯಲ್ಲೂ ಮೊದಲು ಅದನ್ನೇ ಕೇಳುತ್ತಾರೇನೋ.

ಡಾಕ್ಟರು ಮರಾಠಿಯವರು, ನಡುವಯಸ್ಸಿನವರು, ಸಿಡುಕು. ಪಾದದಿಂದ ಮೇಲಕ್ಕೆ ಕೊಳೆ ಹತ್ತುತ್ತಿದೆ, ಈ ವಾರದೊಳಗೆ ಮೊಣಕಾಲಿನ ಕೆಳಗೆ ತೆಗೆದರೆ ಜೀವ ಉಳಿಯಬಹುದು, ತಡವಾದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ ಎಂದರು. ಆಮೇಲೆ ಅಕ್ಕನ ಕಾಗದಪತ್ರ ಮಗುಚುತ್ತ ಸಿಟ್ಟಿನಿಂದ ಕೇಳಿದರು.

"ಹಾ ಉಪಾಸ ಕೋಣೀ ಸಾಂಗಿತಲಾ?"

ಈ ಉಪಾಸ ಯಾರು ಹೇಳಿದರು ಎಂದು. ನನಗೆ ಮರಾಠಿ ಬಾರದು, ಆದರೆ ಆ ಮಾತು ಪೂರ್ತಿ ಅರ್ಥವಾಯಿತು. ಭಾವ ನನ್ನ ಮುಖ ನೋಡಲಿಲ್ಲ. ದೇವರದು, ಹೆಂಗಸರು, ನಂಬಿಕೆ ಎಂದು ಏನೋ ಹೇಳಿ ಮುಚ್ಚಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ನಿಂತೆ. ನಲವತ್ತು ಮಕ್ಕಳ ಮುಂದೆ ಬೆತ್ತ ಹಿಡಿದು, ತಪ್ಪು ಮಾಡಿದವನು ಎದ್ದು ನಿಲ್ಲಬೇಕು ಎನ್ನುವ ಮನುಷ್ಯ ನಾನು.

ಅಕ್ಕ ಮಲಗಿದ್ದಳು, ಇಂಜೆಕ್ಷನ್ ಕೊಟ್ಟಿದ್ದರು. ಅವಳು ಏಳುವ ತನಕ ಬನ್ನಿ ಎಂದು ಭಾವ ನನ್ನನ್ನು ಬೀದಿಗೆ ಕರೆದುಕೊಂಡು ಹೋದರು. ಒಂದು ಕಟ್ಟೆಯ ಹತ್ತಿರ ಎಮ್ಮೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಗಿರಾಕಿ ಕೇಳಿದ ಕೂಡಲೇ ಅಲ್ಲೇ ಲೋಟಕ್ಕೆ ಕರೆದು ಕೊಡುತ್ತಾರೆ, ನೊರೆ ಮೀಸೆಗೆ ಹತ್ತುವ ಹಾಗೆ ನಿಂತಲ್ಲೇ ಕುಡಿಯುತ್ತಾರೆ. ಹಳೆಯ ಪೈಲ್ವಾನರು, ಗುಮಾಸ್ತರು, ವಕೀಲರ ಹಾಗೆ ಕಂಡವರು, ಎಲ್ಲರೂ. ಅಖಾಡ ಬಿಟ್ಟು ಇಪ್ಪತ್ತು ವರ್ಷವಾದರೂ ಲೋಟ ಬಿಡದವರ ಹೊಟ್ಟೆ ಅಂಗಿಯ ಗುಂಡಿಗೆ ಸಿಕ್ಕುತ್ತಿರಲಿಲ್ಲ. ನಮ್ಮೂರಲ್ಲಿ ಹಾಲನ್ನು ಕಾಯಿಸದೆ ಬೆಕ್ಕಿಗೂ ಹಾಕುವುದಿಲ್ಲ. ಭಾವ ದೊಡ್ಡ ಲೋಟ ಎರಡು ಕುಡಿದರು. ಓಡಾಡುವವನು ನಾನೊಬ್ಬನೇ, ನಾನೂ ಅಶಕ್ತನಾದರೆ ಅವಳನ್ನು ಯಾರು ನೋಡುತ್ತಾರೆ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೂ ಬರಲಿಲ್ಲ. ಅವರ ಪ್ರೀತಿಯೆಲ್ಲ ಲೋಟದಲ್ಲಿ, ತಟ್ಟೆಯಲ್ಲಿ ಇತ್ತು. ಬೇರೆ ಯಾವ ರೀತಿಯಲ್ಲಿ ತೋರಿಸಬೇಕೋ ಅವರಿಗೆ ಗೊತ್ತಿರಲಿಲ್ಲ.

ಹಿಂತಿರುಗಿದಾಗ ಅಕ್ಕ ಎದ್ದಿದ್ದಳು.

"ನೀವ ಹೇಳ್ರಿ ಮಾಸ್ತರ್ರ," ಎಂದರು ಭಾವ. "ನಿಮ್ಮ ಮಾತು ಆಕಿ ಕೇಳ್ತಾಳ. ನಾ ಹೊರಗ ಕೂತಿರತೇನಿ."

ಅಕ್ಕನ ಹತ್ತಿರ

ಅವಳ ಮುಖ ಇಳಿದಿತ್ತು, ಬಳೆ ಮುಂಗೈಯಿಂದ ಜಾರುತ್ತಿತ್ತು. ಕಾಲಿಗೆ ಬಟ್ಟೆ ಸುತ್ತಿದ್ದರು, ಆದರೂ ವಾಸನೆ ಅಡಗಿರಲಿಲ್ಲ. ನನ್ನನ್ನು ನೋಡಿ ಬಂದೇನೋ ಎಂದಳು. ನನ್ನ ಮಗಳ ಗಂಡನ ಸುದ್ದಿ, ನಮ್ಮ ಬಾವಿಯ ನೀರು, ತೆಂಗಿನ ಫಸಲು, ಎಲ್ಲ ಕೇಳಿದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಶುರು ಮಾಡಿದೆ. ಕಾಲು ಹೋದರೂ ಬದುಕು ಇದೆ, ಮರದ ಕಾಲು ಹಾಕಿಸಬಹುದು, ಮೊಮ್ಮಕ್ಕಳನ್ನು ನೋಡಬಹುದು. ಅವಳು ತಲೆ ಆಡಿಸುತ್ತ ಕೇಳಿದಳು, ತರಗತಿಯಲ್ಲಿ ಮುಂದಿನ ಬೆಂಚಿನ ಮಗು ಕೇಳುವ ಹಾಗೆ. ಒಪ್ಪುತ್ತಾಳೆ ಎಂದು ನನಗೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ, ಇನ್ನೆರಡು ಮಾತು ಆಡಿ ಸುಮ್ಮನಾಗಿದ್ದರೆ ಒಪ್ಪುತ್ತಿದ್ದಳು.

ಆಗ ಕೇಳಿದಳು.

"ಎಲ್ಲಾ ನೀ ಹೇಳಿದಂಗ ಮಾಡೇನಿ ತಮ್ಮಾ. ಮೂರ ಹೇಳಿದ್ದಿ, ಐದು ಮಾಡೇನಿ. ಮತ್ತ ಕಾಲು ಯಾಕ ಕೆಟ್ಟಿತು? ಎಲ್ಲಿ ತಪ್ಪೇನಿ, ಹೇಳು."

ತಪ್ಪಿಲ್ಲ, ಇದು ಹಣೆಬರಹ ಎಂದರೆ ಸಾಕಾಗಿತ್ತು. ಲಕ್ಷ ಜನ ದಿನಾ ಹೇಳುವ ಮಾತು ಅದು. ಆದರೆ ಹಿಂದಿನ ದಿನದಿಂದ ನನ್ನ ಎದೆಯ ಮೇಲೆ ಕಲ್ಲು ಕೂತಿತ್ತು, ಅದನ್ನು ಇಳಿಸುವ ಆತುರ ನನಗೆ. ಆ ಆತುರಕ್ಕೆ ನಾನು ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡೆ.

"ನೀನು ತಪ್ಪಲಿಲ್ಲ ಅಕ್ಕ," ಎಂದೆ. "ನಾನು ತಪ್ಪಿದೆ. ನೀನು ಮಾಡಿದ್ದು ಉಪವಾಸವೇ ಅಲ್ಲ. ಏನೂ ತಿನ್ನದೆ ಇರುವುದು ಉಪವಾಸ. ನೀನು ತಿಂದದ್ದೆಲ್ಲ ಆ ಕಾಯಿಲೆಗೆ ವಿಷ. ನಾನು ಬಿಡಿಸಿ ಬರೆಯಲಿಲ್ಲ."

ನಮ್ಮಮ್ಮ ಉಪವಾಸ ಮಾಡುತ್ತಿದ್ದದ್ದು ನಿನಗೆ ನೆನಪಿಲ್ಲವಾ ಎಂದು ಕೇಳಿದೆ. ನೆನಪಿಲ್ಲ ಎಂದಳು. ಮಕ್ಕಳ ತಟ್ಟೆಗೆ ಆ ದಿನವೂ ಮುದ್ದೆ ಬೀಳುತ್ತಿತ್ತು, ಅಮ್ಮ ಏನು ತಿಂದಳೆಂದು ಯಾವ ಮಗು ನೋಡುತ್ತದೆ. ಉಪಾಸ ಎಂಬುದನ್ನು ಅವಳು ಕಲಿತದ್ದು ಅತ್ತೆಯ ಮನೆಯಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಸಬ್ಬಕ್ಕಿ ನೆನೆಹಾಕುವುದರ ಜೊತೆಗೆ. ಕಾಗದ ಬರೆಯುವಾಗ ನಾನು ಇದನ್ನು ಯೋಚಿಸಬೇಕಾಗಿತ್ತು. ನನ್ನ ಮನಸ್ಸಿನಲ್ಲಿ ಅವಳು ಮೂವತ್ತೈದು ವರ್ಷವಾದರೂ ತಿಪಟೂರಿನಲ್ಲೇ ಇದ್ದಳು.

"ಅಂದ್ರ," ಎಂದಳು ನಿಧಾನವಾಗಿ, "ಎರಡು ವರ್ಷ ನಾ ಮಾಡಿದ್ದು ದೇವರಿಗೂ ಮುಟ್ಟಿಲ್ಲೇನು?"

ಕಾಲಿನ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ. ಮುಟ್ಟಿದೆ ಅಕ್ಕ, ಖಂಡಿತ ಮುಟ್ಟಿದೆ ಎಂದು ನಾನು ತಡವರಿಸಿದೆ. ಒಂದು ನಿಮಿಷದ ಹಿಂದೆ ಅಲ್ಲ ಎಂದವನ ಮಾತು ಈಗ ಯಾರಿಗೆ ಬೇಕು. ಅವಳು ಸೀರೆಯ ಸೆರಗನ್ನು ಎದೆಯ ಮೇಲೆ ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದಳು.

"ಇನ್ನ ನೀ ಏನೂ ಹೇಳಬ್ಯಾಡಪಾ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನೀ ಹೇಳಿದ್ದು ಕೇಳಿ ಇಲ್ಲಿಗೆ ಬಂದೇನಿ. ಕಾಲು ಇದ್ದಲ್ಲೇ ಇರಲಿ. ಮನಿಗೆ ಹೋಗೂನು."

ಮಾರನೆಯ ದಿನ ಡಾಕ್ಟರು ಬೈದರು, ಶಾಂತಾ ಅತ್ತಳು, ಭಾವ ಕೈ ಮುಗಿದರು. ಅಕ್ಕ ಮನೆಗೆ ಹೋಗುವುದೆಂದೇ ಹಠ ಹಿಡಿದಳು. ನಾನು ಇನ್ನೊಮ್ಮೆ ಹತ್ತಿರ ಹೋದಾಗ ಕಣ್ಣು ಮುಚ್ಚಿಕೊಂಡಳು. ಅವಳನ್ನು ಒಪ್ಪಿಸಬಲ್ಲ ಒಬ್ಬನೇ ಒಬ್ಬ ಮನುಷ್ಯನೆಂದು ನನ್ನನ್ನು ಅಷ್ಟು ದೂರದಿಂದ ಕರೆಸಿದ್ದರು. ಆ ಮನುಷ್ಯನನ್ನು ನಾನೇ ಮುಗಿಸಿಬಿಟ್ಟಿದ್ದೆ.

ಗಡಹಿಂಗ್ಲಜ

ಬಾಡಿಗೆ ಮೋಟಾರಿನಲ್ಲಿ ಹಿಂದಿನ ಸೀಟಿಗೆ ಹಾಸಿಗೆ ಹಾಸಿ ಅವಳನ್ನು ಊರಿಗೆ ಕರೆತಂದೆವು. ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿ ಹರವಿದ್ದರು, ಮೋಟಾರಿನೊಳಗೆ ಎಲ್ಲರೂ ಸೀನಿದೆವು, ಅಕ್ಕನೂ ಸೀನಿ ಸ್ವಲ್ಪ ನಕ್ಕಳು. ಈ ಪ್ರಯಾಣದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಆರು ದಿನ ಅಲ್ಲಿದ್ದೆ. ಊರೆಲ್ಲ ನೋಡಲು ಬಂತು. ಬಂದವರಾರೂ ಬರಿಗೈಯಲ್ಲಿ ಬರಲಿಲ್ಲ. ಶೇಂಗಾ ಉಂಡೆ, ಬಾಳೆಹಣ್ಣಿನ ಗೊನೆ, ಎಮ್ಮೆಯ ಹಾಲಿನ ಖವಾ. ಆಜರಾದಿಂದ ಬಂದ ನೆಂಟರು ಅಲ್ಲಿಯ ಘಮಘಮಿಸುವ ಅಕ್ಕಿ ಒಂದು ಚೀಲ ತಂದರು. ಕನ್ನಡದಲ್ಲಿ ಶುರುವಾದ ಸಮಾಧಾನ ಮರಾಠಿಯಲ್ಲಿ ಮುಗಿಯುತ್ತಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು: ಎಷ್ಟು ಇಳಿದೀರಿ, ತಬ್ಯೇತ ಪೂರಾ ಹೋಗೈತಿ, ಏನಾರ ಸ್ವಲ್ಪ ತಿನ್ರಿ. ಎರಡು ವರ್ಷದ ಹಿಂದೆ ನಮ್ಮೂರ ಡಾಕ್ಟರು ಇಳಿಯಲಿ ಎಂದ ಮೈ ಕೊನೆಗೂ ಇಳಿದಿತ್ತು. ಮದುವೆಗೆ ಮುಂಚಿನ ಅಕ್ಕನ ಕೊರಳೆಲುಬು ಮತ್ತೆ ಕಾಣುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ನಿಂತು ತಂದವರನ್ನೆಲ್ಲ ತಡೆಯಲು ನೋಡಿದೆ. ಸಿಹಿ ಕೊಡಬೇಡಿ, ಬಾಳೆಹಣ್ಣು ಬೇಡ, ಇದು ಸಕ್ಕರೆ ಕಾಯಿಲೆ ಎಂದು ಬಿಡಿಸಿ ಹೇಳಿದೆ. ಇದಾದರೂ ಸರಿಯಾಗಿ ಹೇಳೋಣ ಎಂದು. ಒಬ್ಬ ಮುದುಕಿ ಶೇಂಗಾ ಉಂಡೆಯ ತಟ್ಟೆ ಹಿಡಿದುಕೊಂಡು ನನ್ನನ್ನು ಕರುಣೆಯಿಂದ ನೋಡಿ, ನೀವೂ ಏನೂ ತಿಂದಿಲ್ಲ ಕಾಣತದ, ಒಂದು ತಗೋರಿ ಎಂದರು.

ಸಂಜೆಗಳಲ್ಲಿ ಅಕ್ಕನ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಊರಿನ ವಿಷಯ ಕೇಳಿದಳು, ತಂಗಡಿ ಹೂವಿನ ಗಿಡ ಇನ್ನೂ ಇದೆಯೇ ಎಂದು ಕೇಳಿದಳು. ಒಂದು ದಿನ, ಅವ್ವ ಉಪಾಸದ ದಿನ ಏನು ಮಾಡುತ್ತಿದ್ದಳು, ಪೂರ್ತಿ ಹೇಳು ಎಂದಳು. ಹೇಳಿದೆ. ಬೆಳಿಗ್ಗೆ ಎದ್ದು ನೀರು ಕುಡಿದು ಕೆಲಸಕ್ಕೆ ಹತ್ತುತ್ತಿದ್ದಳು, ನಮಗೆ ಬಡಿಸಿ ಪಾತ್ರೆ ತೊಳೆಯುತ್ತಿದ್ದಳು, ದೀಪ ಹಚ್ಚಿದ ಮೇಲೆ ಮಜ್ಜಿಗೆ ಕುಡಿಯುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಅಷ್ಟೇನಾ ಎಂದಳು. ಅಷ್ಟೇ ಎಂದೆ. ಅಷ್ಟು ಸಣ್ಣ ವಿಷಯ ಎಂದು ಅವಳಿಗೂ ಅನ್ನಿಸಿರಬೇಕು.

ನಾನು ಹೊರಟದ್ದು ಸೋಮವಾರ. ಶಾಲೆಯ ರಜೆ ಮುಗಿದಿತ್ತು. ಅದು ನೆಪ; ಇನ್ನೊಂದು ದಿನ ಆ ಕಾಲಿನ ವಾಸನೆಯಲ್ಲಿ ಕೂರಲು ನನಗೆ ಧೈರ್ಯವಿರಲಿಲ್ಲ. ಅಕ್ಕ ಸೊಸೆಯನ್ನು ಕರೆದು ಡಬ್ಬಿ ತರಿಸಿ, ಹಾಸಿಗೆಯಲ್ಲಿ ಒರಗಿ ಕೂತು ತಾನೇ ತುಂಬಿಸಿದಳು. ದಾರಿಯಲ್ಲಿ ಹಸಿದುಕೊಂಡು ಹೋಗಬೇಡ ಎಂದಳು. ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದೆ. ಯಾವ ಕಾಲು ಮುಟ್ಟಬೇಕೆಂದು ತಿಳಿಯದೆ ಹಾಸಿಗೆಯ ಅಂಚನ್ನು ಮುಟ್ಟಿ ಎದ್ದೆ.

ಮರಳಿ

ಮುಂದಿನದನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ. ಅಕ್ಕ ಯುಗಾದಿ ನೋಡಲಿಲ್ಲ. ಭಾವನ ಕಾರ್ಡು ಬಂತು, ಕೊನೆಯ ಎರಡು ದಿನ ಗಂಟಲಿಗೆ ನೀರು ಬಿಟ್ಟು ಬೇರೇನೂ ಇಳಿಯಲಿಲ್ಲ ಎಂದು ಬರೆದಿದ್ದರು.

ಆ ಸೋಮವಾರ ಬಸ್ಸಿನಲ್ಲಿ ಬೆಳಗಾವಿಗೆ ಬಂದು ರೈಲು ಹಿಡಿದೆ. ಹಲಗೆಗಳ ಮೇಲೆ ಕನ್ನಡ ಮತ್ತೆ ಕಾಣಿಸಿತು. ಬರುವಾಗ ಅದನ್ನು ನೋಡಿ ಖುಷಿಪಡುತ್ತೇನೆ ಎಂದುಕೊಂಡಿದ್ದೆ. ಖಾನಾಪುರ ದಾಟಿದ ಮೇಲೆ ಹಸಿವು ತಡೆಯಲಾಗದೆ ಡಬ್ಬಿ ತೆರೆದೆ. ಮೇಲೆ ಸಬ್ಬಕ್ಕಿ, ಕೆಳಗೆ ರಾಜಗಿರಿ ಉಂಡೆ, ಅದರ ಕೆಳಗೆ ಮಡಿಸಿದ ಒಂದು ಕಾಗದ. ಏನೋ ಬರೆದಿದ್ದಾಳೆ ಎಂದುಕೊಂಡು ಬಿಚ್ಚಿದೆ. ನನ್ನದೇ ಅಕ್ಷರ. ಎರಡು ವರ್ಷ ದೇವರ ಮನೆಯಲ್ಲಿ ಇಟ್ಟಿದ್ದ ಕಾಗದ, ಮೂಲೆಯಲ್ಲಿ ಕುಂಕುಮ, ಮಡಿಕೆಗಳಲ್ಲಿ ವಿಭೂತಿ. ಅದನ್ನು ನನಗೆ ವಾಪಸು ಕೊಟ್ಟಿದ್ದಳು.

ತುಪ್ಪ ಇಳಿದು ಅಲ್ಲಲ್ಲಿ ಶಾಯಿ ಹರಡಿತ್ತು, ಆದರೂ ಎಲ್ಲ ಓದಲು ಬರುತ್ತಿತ್ತು. ಉಪ ಎಂದರೆ ಹತ್ತಿರ, ವಾಸ ಎಂದರೆ ಇರುವುದು, ಆದ್ದರಿಂದ ಉಪವಾಸ ಎಂದರೆ ದೇವರ ಹತ್ತಿರ ಇರುವುದು ಎಂದು ಅರ್ಧ ಪುಟ ಬರೆದಿದ್ದೆ. ಪದ ಒಡೆಯುವ ಕ್ರಮವನ್ನೂ ವಿವರಿಸಿದ್ದೆ. ಮನಸ್ಸಿನ ಹತೋಟಿ, ನಾಲಗೆಯ ಚಪಲ, ಹಿರಿಯರ ನಡೆ, ಎಲ್ಲ ಇತ್ತು. ತಪ್ಪಿಸಬೇಡ ಎಂಬುದರ ಕೆಳಗೆ ಆ ಎರಡು ಗೆರೆಗಳೂ ಇದ್ದವು. ಹುಬ್ಬಳ್ಳಿ ಬರುವ ತನಕ ಆ ಎರಡು ಪುಟವನ್ನು ಹಿಂದೆ ಮುಂದೆ ತಿರುಗಿಸಿ ಒಂದು ಮಾತಿಗಾಗಿ ಹುಡುಕಿದೆ. ಆ ದಿನ ಏನೂ ತಿನ್ನಬೇಡ ಎಂದು ನಾನು ಎಲ್ಲಿಯೂ ಬರೆದಿರಲಿಲ್ಲ.